ಹತ್ತಿರದ್ದು ಕಾಣದ ದುರ್ಬೀನು

ಒಂದು ಇಡೀ ಬ್ರಹ್ಮಾಂಡದ ಫೋಟೋ ತೆಗೆಯುವುದು ಅಂಥ ಕಷ್ಟದ ಕೆಲಸವೇನಲ್ಲ ಎಂದು ನಾನು ಪ್ರಾಮಾಣಿಕವಾಗಿ ನಂಬಿದ್ದೆ. ಬ್ರಹ್ಮಾಂಡವು ಮದುವೆಮನೆಯ ಬೀಗರ ಹಾಗೆ ನಡುವೆ ಎದ್ದು ಹೋಗುವುದಿಲ್ಲ. ಕಣ್ಣು ಮಿಟುಕಿಸುವುದಿಲ್ಲ. ಟೊಪ್ಪಿಗೆ ಸರಿಮಾಡಿಕೊಳ್ಳುವುದಿಲ್ಲ. ಕೋಟಿಗಟ್ಟಲೆ ವರ್ಷಗಳಿಂದ ಒಂದೇ ಕಡೆ ನಿಂತಿದೆ. ನಾನು ಹೋಗಿ ಗುಂಡಿ ಒತ್ತುವುದಷ್ಟೇ ಬಾಕಿ ಎಂದುಕೊಂಡಿದ್ದೆ.

ಆಗ ನಾನು ದಾಂಡೇಲಿಯ ಕಾಗದದ ಗಿರಣಿಯಲ್ಲಿ ಟೈಮ್ ಆಫೀಸಿನ ಗುಮಾಸ್ತ. ರಷ್ಯಾದವರು ನಾಯಿಯನ್ನು ಆಕಾಶಕ್ಕೆ ಕಳಿಸಿ ಕೆಲವೇ ವರ್ಷಗಳಾಗಿದ್ದವು. ನನ್ನ ಕೆಲಸ ಮಾತ್ರ ನೆಲದ ಮೇಲಿನದು. ಯಾರು ಬಂದರು, ಯಾರು ಬರಲಿಲ್ಲ, ಬರದವರು ಯಾವ ಕಾರಣಕ್ಕೆ ಬರಲಿಲ್ಲ ಎಂಬುದನ್ನು ಹಾಜರಿ ಪುಸ್ತಕದಲ್ಲಿ ಬರೆಯುವುದು. ರಜೆಯ ಅರ್ಜಿಗೆ ಸಹಿ ಹಾಕಿಸಿಕೊಳ್ಳುವುದು, ಸಹಿ ಬಾರದವರ ಹೆಬ್ಬೆರಳನ್ನು ಶಾಯಿಗೆ ಒತ್ತಿ ಗುರುತು ಮಾಡಿಸಿಕೊಳ್ಳುವುದು. ಏಳು ವರ್ಷ ಹೀಗೆ ಕಂಡವರ ಹೆಬ್ಬೆರಳು ಹಿಡಿದ ಮೇಲೆ ಮನುಷ್ಯನಿಗೆ ಸ್ವಲ್ಪ ಆಕಾಶದ ಕಡೆಗೂ ನೋಡಬೇಕು ಅನ್ನಿಸುವುದು ಸಹಜ.

ನೋಡುವ ಹುಚ್ಚು ಹಚ್ಚಿದವರು ಧಾರವಾಡದ ಕಾಲೇಜಿನಲ್ಲಿ ನನಗೆ ಭೌತಶಾಸ್ತ್ರ ಕಲಿಸಿದ ಪ್ರೊಫೆಸರರು. ಬೇಸಿಗೆಯಲ್ಲಿ ದಕ್ಷಿಣ ದಿಕ್ಕಿಗೆ, ದಿಗಂತದ ಹತ್ತಿರ ಒಂದು ವಿಚಿತ್ರ ಬ್ರಹ್ಮಾಂಡ ಬರುತ್ತದೆ, ಕೋಟಿ ಕೋಟಿ ನಕ್ಷತ್ರಗಳ ಗುಂಪು ಅದು, ಬರಿಗಣ್ಣಿಗೆ ಕಾಣುವುದಿಲ್ಲ ಎಂದು ಅವರು ಪತ್ರ ಬರೆದಿದ್ದರು. ದುಂಡಗೆ ಹಿಂಜಿದ ಹತ್ತಿಯ ಹಾಗೆ ಮಸುಕಾಗಿ ಹೊಳೆಯುತ್ತದಂತೆ. ನಟ್ಟನಡುವೆ ಅಡ್ಡಕ್ಕೆ ಒಂದು ಕಪ್ಪು ಪಟ್ಟಿ ಇದೆಯಂತೆ. ಬೇರೆ ಯಾವ ದುಂಡು ಬ್ರಹ್ಮಾಂಡಕ್ಕೂ ಹೀಗೆ ಸೊಂಟಪಟ್ಟಿ ಇಲ್ಲವಂತೆ. ಇಂಗ್ಲೆಂಡಿನ ದೊಡ್ಡ ದೊಡ್ಡ ದುರ್ಬೀನುಗಳಿಗೂ ಅದು ದಿಗಂತದ ಮೇಲೆ ಬರುವುದೇ ಇಲ್ಲ. ನಮ್ಮ ದಾಂಡೇಲಿಗೆ ಬರುತ್ತದೆ. 'ನೀನು ಅದರ ಫೋಟೋ ತೆಗೆದು ಕಳಿಸಿದರೆ ಕಾಲೇಜಿನಲ್ಲಿ ಎಲ್ಲರಿಗೂ ತೋರಿಸುತ್ತೇನೆ' ಎಂದು ಮುಗಿಸಿದ್ದರು. ಇಂಗ್ಲೆಂಡಿನವರಿಗೆ ಆಗದ್ದು ಟೈಮ್ ಆಫೀಸಿನವನಿಂದ ಆಗಬೇಕು! ನಾನು ಎರಡು ದಿನ ನೆಲಕ್ಕೆ ಕಾಲಿಟ್ಟು ನಡೆಯಲಿಲ್ಲ.

ಮುಂಬಯಿಯ ಹಳೇ ಸಾಮಾನಿನ ಬಜಾರಿನಿಂದ ಯುದ್ಧಕಾಲದ ವಿಮಾನದ ಕ್ಯಾಮರಾದ ಒಂದು ಭಾರೀ ಮಸೂರ ತರಿಸಿದೆ. ಅದರ ಜೊತೆಗೆ ಮೂರೇ ಮೂರು ಗಾಜಿನ ಪ್ಲೇಟುಗಳು ಸಿಕ್ಕವು. ಇನ್ನುಳಿದದ್ದನ್ನೆಲ್ಲ ಮಾಡಿಕೊಟ್ಟವನು ಗುರಪ್ಪ ಮಿಸ್ತ್ರಿ.

ಗುರಪ್ಪ ಅಂಬೇವಾಡಿಯ ಚಾಳಿನಲ್ಲಿ ನಮ್ಮ ಪಕ್ಕದ ಮನೆಯವನು. ಹಳಿಯಾಳದ ಕಡೆಯ ಲಿಂಗವಂತ, ಗಿರಣಿಯ ವರ್ಕಶಾಪಿನಲ್ಲಿ ಟರ್ನರ್. ಕಪ್ಪು ಮುಖ, ಹಣೆಯ ತುಂಬ ವಿಭೂತಿ, ಕಿವಿಯ ಮೇಲೆ ಬೀಡಿ. ಓದು ಬಾರದು. ಲೇಥ್ ಯಂತ್ರ ಒಮ್ಮೆ ಅವನ ಎಡಗೈ ಹೆಬ್ಬೆರಳನ್ನು ಕಚ್ಚಿ ಬಿಟ್ಟಿತ್ತು. ಹಾಗಿದ್ದೂ ಆ ಕೈ ಕೂದಲೆಳೆಯಷ್ಟು ಸೂಕ್ಷ್ಮ ಕೆಲಸ ಮಾಡುತ್ತಿತ್ತು. ಯಾರ ಮನೆಗೆ ಹೋದರೂ ಕದ ತಟ್ಟುವ ಪದ್ಧತಿ ಅವನಿಗಿರಲಿಲ್ಲ. ಹೊರಗೆ ನಿಂತು ಮೂರು ಸಲ ಕೆಮ್ಮುವನು. ಮೂರನೆಯ ಕೆಮ್ಮಿಗೆ ಕದ ತೆರೆಯದಿದ್ದರೆ ತಿರುಗಿ ಹೋಗುವನು. ಮಕ್ಕಳಿರಲಿಲ್ಲ. ಅವನು ಮತ್ತು ಹೆಂಡತಿ ನೀಲವ್ವ, ಇಬ್ಬರೇ.

ಗಿರಣಿಯ ಮೋಡಕಾ ಸಾಮಾನಿನ ಗುಜರಿಯಲ್ಲಿ ಬಿದ್ದಿದ್ದ ಹಲ್ಲಿನ ಗಾಲಿಗಳನ್ನು ಆರಿಸಿ ಅವನು ದುರ್ಬೀನಿಗೆ ಒಂದು ಕಬ್ಬಿಣದ ಕಾಲು ಮಾಡಿಕೊಟ್ಟ. ಭೂಮಿ ತಿರುಗುತ್ತದೆ ಎಂಬ ಸಂಗತಿ ಅಲ್ಲಿಯವರೆಗೆ ನನಗೆ ಯಾವ ತೊಂದರೆಯನ್ನೂ ಕೊಟ್ಟಿರಲಿಲ್ಲ. ಆದರೆ ಇಂಥ ಫೋಟೋಕ್ಕೆ ಪ್ಲೇಟನ್ನು ಎರಡು ತಾಸು ತೆರೆದಿಡಬೇಕು. ಅಷ್ಟರಲ್ಲಿ ಭೂಮಿ ತಿರುಗಿ ಬ್ರಹ್ಮಾಂಡ ಜಾರಿಹೋಗುತ್ತದೆ. ಆದ್ದರಿಂದ ಪಕ್ಕಕ್ಕೆ ಕಟ್ಟಿದ ಸಣ್ಣ ದುರ್ಬೀನಿನಿಂದ ಒಂದು ನಕ್ಷತ್ರದ ಮೇಲೆ ಕಣ್ಣು ನೆಟ್ಟು, ಅದು ಕದಲದ ಹಾಗೆ ಒಂದು ಹಿಡಿಕೆಯನ್ನು ಎರಡು ತಾಸೂ ಸಣ್ಣಗೆ ತಿರುಗಿಸುತ್ತಿರಬೇಕು. ಕಣ್ಣು ತೆಗೆದರೆ ಕೆಟ್ಟಿತು.

ಪ್ಲೇಟುಗಳ ಕತೆ ಬೇರೆ. ಅವನ್ನು ಕಗ್ಗತ್ತಲೆಯಲ್ಲಿ ತಗಡಿನ ಡಬ್ಬಿಯೊಳಗೆ ಕೂಡಿಸಬೇಕು. ನಮ್ಮ ಬಚ್ಚಲುಮನೆಯ ಕಿಂಡಿಗೆ ಕಂಬಳಿ ಹೊಡೆದು ಕತ್ತಲೆ ಮಾಡಿದೆ. ಮೊದಲನೆಯ ಪ್ಲೇಟು ಕೈಯಲ್ಲಿರುವಾಗ ನನ್ನ ಹೆಂಡತಿ ಸುಮಿತ್ರಾ ಹಂಡೆಗೆ ಉರಿ ಹಾಕಲು ಕದ ತೆಗೆದಳು. ಎರಡನೆಯದು ನನ್ನ ಕೈ ಜಾರಿ ಅದೇ ಹಂಡೆಯೊಳಗೆ ಬಿತ್ತು. ಮೂರನೆಯದನ್ನು ಕೂಡಿಸುವ ದಿನ ಹೊರಗೆ ಮೂರು ಕೆಮ್ಮು ಕೇಳಿಸಿದವು. ಗುರಪ್ಪ ಪಾಳಿ ಮುಗಿಸಿ ಗಿರಣಿಯಿಂದ ನೇರವಾಗಿ ಬಂದಿದ್ದ. ಮೈಯಿಂದ ಗಿರಣಿಯ ಗಂಧಕದ ಆ ಕೊಳೆತ ಮೊಟ್ಟೆಯ ವಾಸನೆ ಹೊಡೆಯುತ್ತಿತ್ತು. ಪ್ಲೇಟು ಬಿಚ್ಚುವ ಮೊದಲೇ ಅವನನ್ನು ಒಳಗೆ ಕರೆದು ಕದ ಹಾಕಿದೆ. ಕತ್ತಲೆಯಲ್ಲಿ ನನ್ನ ಪಕ್ಕ ನಿಂತು, ನನ್ನ ಕೈಯ ಗಾಜು ಡಬ್ಬಿಗೆ ಕಟಕಟ ತಾಗುವುದನ್ನು ಕೇಳಿದ.

"ರಾಯರ, ನಿಮ್ಮ ಕೈ ನಡಗತಾವು. ಕೊಡ್ರಿ ಇತ್ತ," ಅಂದ.

ಕೊಟ್ಟೆ. ಒಂದು ಸಣ್ಣ ಸಪ್ಪಳವಾಯಿತು. ಪ್ಲೇಟು ಕೂತಿತು.

ಹೊರಗೆ ಬಂದ ಮೇಲೆ ಗುರಪ್ಪ ಹೋಗಲಿಲ್ಲ. ಕಿವಿಯ ಮೇಲಿನ ಬೀಡಿ ತೆಗೆದ, ಮತ್ತೆ ಇಟ್ಟ.

"ರಾಯರ, ಇದರಾಗ ನಂದೊಂದು ಫೋಟೋ ತಗೀರಲ್ಲ. ನಮ್ಮಾಕಿ ಭಾಳ ದಿವಸದಿಂದ ಕೇಳಾಕ ಹತ್ಯಾಳ. ಲಗ್ನದಾಗೂ ತಗಸಿಲ್ಲ ನಾವು."

ಉಳಿದದ್ದು ಒಂದೇ ಪ್ಲೇಟು ಎಂದು ಹೇಳಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಆದರೆ ನಾನು ವಿಜ್ಞಾನಿ. ವಿವರಿಸಿದೆ.

"ಗುರಪ್ಪ, ಈ ದುರ್ಬೀನು ಮಂದಿ ಸಲುವಾಗಿ ಮಾಡಿದ್ದಲ್ಲ. ಕೋಟಿ ಕೋಟಿ ಮೈಲಿನ ಆಚೆ ಇದ್ದದ್ದನ್ನ ನೋಡೋದು ಇದು. ಇಷ್ಟು ಹತ್ರ ಇದ್ದದ್ದು ಇದಕ್ಕ ಕಾಣೂದಿಲ್ಲ."

ಗುರಪ್ಪ ಗಂಭೀರವಾಗಿ ಯೋಚನೆ ಮಾಡಿದ.

"ಹಂಗಾರ ನಾ ಎಷ್ಟು ದೂರ ಹೋಗಿ ನಿಂದರ್ಲಿ?" ಅಂದ.

ನಾನು ನಕ್ಕೆ. ಅವನೂ ನಕ್ಕ. ಎಂಟು ದಿನಕ್ಕೆ ಅವನಿಗೆ ಜ್ವರ ಬಂತು. ರಜೆಯ ಅರ್ಜಿಗೆ ನಾನೇ ಮನೆಗೆ ಹೋಗಿ ಹೆಬ್ಬೆಟ್ಟು ಒತ್ತಿಸಿಕೊಂಡು ಬಂದೆ. ಮೂರು ದಿನ, ಕಾರಣ ಜ್ವರ. ಮೂರನೆಯ ದಿನ ಗುರಪ್ಪ ತೀರಿಕೊಂಡ.

ಮೌಳಂಗಿಯ ಕಡೆ, ಹೊಳೆಯ ದಂಡೆಯ ರುದ್ರಭೂಮಿಯಲ್ಲಿ ಅವನನ್ನು ಅವರ ಪದ್ಧತಿಯಂತೆ ಕೂಡಿಸಿ ಮಣ್ಣು ಮಾಡಿದರು. ಹಾಲು-ತುಪ್ಪದ ದಿನ ನಾನು ಅವರ ಮನೆಗೆ ಹೋದೆ. ನೀಲವ್ವ ಹೊಸ್ತಿಲಲ್ಲಿ ಕೂತಿದ್ದಳು. ಅಳುತ್ತಿರಲಿಲ್ಲ. ಅಳದೆ ಕೂತವರ ಎದುರಿಗೆ ನಿಲ್ಲುವುದು ಬಹಳ ಕಷ್ಟ.

"ರಾಯರ, ನಮ್ಮನಿಯವರು ಫೋಟೋ ತಗಸ್ತೇನಿ ಅಂತ ನಿಮ್ಮಲ್ಲಿಗೆ ಬಂದಿದ್ರಲ್ಲ. ತಗದ್ರೇನ್ರಿ?" ಎಂದು ಕೇಳಿದಳು.

ಇಲ್ಲ ಎನ್ನುವುದಕ್ಕೆ ಎರಡೇ ಅಕ್ಷರ ಸಾಕು. ಅವು ನನ್ನ ಬಾಯಿಂದ ಹೊರಡಲಿಲ್ಲ.

"ತಗದೀನಿ ನೀಲವ್ವ. ಪ್ಲೇಟು ಡಬ್ಬ್ಯಾಗ ಅದ. ಇನ್ನೂ ತೊಳದಿಲ್ಲ."

ಆಕೆ ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ, "ಆಗಲ್ರಿ. ತೊಳದಾಗ ಹೇಳ್ರಿ," ಅಂದಳು.

ಮನೆಗೆ ಬಂದು ಸುಮಿತ್ರಾಳಿಗೆ ಹೇಳಿದೆ. ಆಕೆ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟಳು.

"ಇಲ್ಲದ ಫೋಟೋ ಹೆಂಗ ತೊಳೀತೀರಿ?"

"ತೊಳೆಯೋವಾಗ ಕೆಟ್ಟಹೋತು ಅಂತ ಹೇಳಿದ್ರಾತು."

"ಅಂದ್ರ ಆ ಮನಶಾನ್ನ ಮತ್ತೊಮ್ಮೆ ಸಾಯಸ್ತೀರಿ," ಅಂದಳು.

ಅಂದಿನಿಂದ ಶುರುವಾಯಿತು. ಬೆಳಿಗ್ಗೆ ಆಫೀಸಿಗೆ ಹೊರಟರೆ ನೀಲವ್ವ ಹೊಸ್ತಿಲಲ್ಲಿ ಇರುವಳು. "ತೊಳದ್ರೇನ್ರಿ?" ಸಂಜೆ ತಿರುಗಿ ಬಂದರೂ ಅಲ್ಲೇ. "ತೊಳದ್ರೇನ್ರಿ?" ಬೇರೆ ಒಂದು ಮಾತಿಲ್ಲ. ನಾನು ಹಿತ್ತಲ ಗೋಡೆ ಹಾರಿ ಆಫೀಸಿಗೆ ಹೋಗುವುದನ್ನು ಅಭ್ಯಾಸ ಮಾಡಿದೆ. ಮೂವತ್ತಾರನೆಯ ವಯಸ್ಸಿಗೆ ಅದು ಶೋಭಿಸುವ ವಿದ್ಯೆಯಲ್ಲ.

ಹೀಗಿರುವಾಗ ಅಮಾವಾಸ್ಯೆ ಬಂತು. ಮಸುಕು ಬ್ರಹ್ಮಾಂಡಕ್ಕೆ ಬೆಳದಿಂಗಳು ಇರಬಾರದು, ಗಿರಣಿಯ ದೀಪ ಇರಬಾರದು, ದಕ್ಷಿಣಕ್ಕೆ ಮರ ಅಡ್ಡ ಇರಬಾರದು. ನಮ್ಮ ಕಾಡಿನ ಸೀಮೆಯಲ್ಲಿ ಈ ಮೂರೂ ಗುಣಗಳುಳ್ಳ ಬಯಲು ಒಂದೇ. ರುದ್ರಭೂಮಿಯ ಪಕ್ಕದ ಹೊಳೆಯ ದಂಡೆ.

"ಅಮಾಸಿ ದಿನ, ಸುಡಗಾಡದ ಮಗ್ಗಲಿಗೆ, ರಾತ್ರಿ ಒಬ್ಬರ, ಕೆಂಪು ದೀಪ ಹಿಡಕೊಂಡು ಕೂಡತೀರಿ," ಅಂದಳು ಸುಮಿತ್ರಾ. ಕಣ್ಣಿಗೆ ಬೆಳಕು ಕುಕ್ಕಬಾರದೆಂದು ನಾನು ಬ್ಯಾಟರಿಗೆ ಆಕೆಯ ಹಳೇ ಕೆಂಪು ಸೀರೆಯ ಚೂರು ಕಟ್ಟುತ್ತಿದ್ದೆ. "ಇಂಥಾದ್ದು ಮಾಡೋರಿಗೆ ಮಂದಿ ಬ್ಯಾರೆ ಹೆಸರಿಟ್ಟಾರ್ರಿ. ಖಗೋಳಶಾಸ್ತ್ರ ಅನ್ನೂದಿಲ್ಲ."

"ವಿಜ್ಞಾನಕ್ಕ ಅಮಾಸಿ, ಹುಣ್ಣಿವಿ ಇರೂದಿಲ್ಲ."

"ನೀವ ಅಮಾಸಿ ಬೇಕು ಅಂತ ಹದಿನೈದು ದಿನ ಕಾದೀರಿ."

ನಾನು ದುರ್ಬೀನನ್ನು ಗೋಣಿಚೀಲದಲ್ಲಿ ಸುತ್ತಿದೆ.

ಬಿದಿರಿನ ಲಾರಿಯ ಡ್ರೈವರ್ ಇಮಾಮಸಾಬ ಜೋಯಿಡಾದ ಕಡೆ ಹೊರಟಿದ್ದ. ಕತ್ತಲಾಗಿ ಸ್ವಲ್ಪ ಹೊತ್ತಿಗೆ ನನ್ನನ್ನೂ ಸಾಮಾನನ್ನೂ ಹೊಳೆಯ ಬಯಲಿನಲ್ಲಿ ಇಳಿಸಿದ. "ನಡರಾತ್ರಿ ಹೊಡದ ಮ್ಯಾಗ ಬರ್ತೇನಿ ರಾಯರ. ಇಲ್ಲೇ ಇರ್ರಿ," ಅಂದ. ಎಲ್ಲಿಗೆ ಹೋಗುತ್ತೇನೆ ಎಂದುಕೊಂಡನೋ ತಿಳಿಯದು. ಲಾರಿಯ ಸಪ್ಪಳ ಕಾಡಿನೊಳಗೆ ಸಣ್ಣದಾಗುತ್ತ ಹೋಗಿ ನಿಂತಿತು.

ಆಮೇಲೆ ಹೊಳೆಯ ಸಪ್ಪಳ ಒಂದೇ ಉಳಿಯಿತು. ನಕ್ಷತ್ರಗಳು ನೀರಿನಲ್ಲೂ ಇದ್ದವು. ಮೇಲೆ ಯಾವುದು, ಕೆಳಗೆ ಯಾವುದು ಎಂದು ಕ್ಷಣ ಹೊತ್ತು ತಿಳಿಯದಂಥ ಕತ್ತಲೆ. ಬೆನ್ನ ಹಿಂದೆ ಐವತ್ತು ಹೆಜ್ಜೆಗೆ ರುದ್ರಭೂಮಿ. ಅಲ್ಲಿ ಹೊಸ ಮಣ್ಣಿನ ಗುಡ್ಡೆ ಒಂದೇ ಒಂದು. ಅದು ಯಾರದೆಂದು ನನಗೆ ಗೊತ್ತಿತ್ತು. ಆ ಕಡೆ ನೋಡುವುದು ಬೇಡವೆಂದು ದಕ್ಷಿಣಕ್ಕೆ ಮುಖ ಮಾಡಿದೆ. ಬ್ರಹ್ಮಾಂಡ ದಕ್ಷಿಣಕ್ಕೇ ಇರುವುದು ನನ್ನ ಪುಣ್ಯ ಅನ್ನಿಸಿತು.

ಎಲ್ಲ ಸರಿಯಾಗಿ ಜೋಡಿಸಿದೆ. ಗುರಪ್ಪ ಕೂಡಿಸಿದ್ದ ಪ್ಲೇಟಿನ ಡಬ್ಬಿಯನ್ನು ಹಾಕಿ ಮುಚ್ಚಳ ಎಳೆದೆ. ಮಾರ್ಗದರ್ಶಕ ನಕ್ಷತ್ರವನ್ನು ಹಿಡಿದೆ. ಕೆಂಪು ದೀಪ ಕಾಲ ಹತ್ತಿರ. ಬಲಗಣ್ಣು ಸಣ್ಣ ದುರ್ಬೀನಿಗೆ, ಬಲಗೈ ಹಿಡಿಕೆಗೆ. ಮೊದಲ ತಾಸು ಎಷ್ಟು ಚೆನ್ನಾಗಿ ನಡೆಯಿತೆಂದರೆ, ಕಾಲೇಜಿನಲ್ಲಿ ಮಾಡಬೇಕಾದ ಭಾಷಣದ ಮೊದಲ ಎರಡು ಪುಟಗಳನ್ನು ಮನಸ್ಸಿನಲ್ಲಿ ಸಿದ್ಧ ಮಾಡಿದೆ.

ಒಮ್ಮೆಲೆ ಜೀರುಂಡೆಗಳು ನಿಂತವು.

ಒಂದೊಂದಾಗಿ ಅಲ್ಲ. ಎಲ್ಲವೂ ಒಟ್ಟಿಗೆ, ಯಾರೋ ಕೈ ಎತ್ತಿ ಸುಮ್ಮನಿರಿ ಅಂದ ಹಾಗೆ. ನಾನು ಹಿಡಿಕೆ ತಿರುಗಿಸುತ್ತಲೇ ಇದ್ದೆ. ಆಗ ನನ್ನ ನಕ್ಷತ್ರ ಆರಿತು. ಮೋಡ ಇರಲಿಲ್ಲ. ಒಂದು ಕ್ಷಣ ಕತ್ತಲೆ, ಮತ್ತೆ ನಕ್ಷತ್ರ. ದುರ್ಬೀನಿನ ಮುಂದಿನಿಂದ ಯಾರೋ ಹಾದುಹೋದಂತಿತ್ತು. ಹೆಜ್ಜೆಯ ಸಪ್ಪಳವಿಲ್ಲ. ಗೂಬೆ ಇರಬೇಕು ಎಂದು ತೀರ್ಮಾನಿಸಿದೆ. ಗೂಬೆ ಎಂದು ನಂಬಲು ನಾನು ಪಟ್ಟ ಶ್ರಮವನ್ನು ಬೇರೆ ಯಾವುದಕ್ಕೂ ಪಟ್ಟಿಲ್ಲ.

ಆಮೇಲೆ ಹಿಂದಿನಿಂದ ಕೆಮ್ಮು ಬಂತು.

ಒಂದು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು. ಮತ್ತೊಂದು.

ತಿರುಗಿ ನೋಡಬೇಕು, ಇಲ್ಲವೇ ಓಡಬೇಕು. ಎರಡನ್ನೂ ಮಾಡುವ ಹಾಗಿಲ್ಲ. ಕಣ್ಣು ತೆಗೆದರೆ ಪ್ಲೇಟು ಹಾಳು, ಇರುವುದು ಒಂದೇ ಪ್ಲೇಟು. ಓಡಿದರೂ ದಾರಿ ರುದ್ರಭೂಮಿಯ ಮೂಲಕವೇ. ಹೀಗಾಗಿ ಕಿಂಚಿತ್ತೂ ಧೈರ್ಯವಿಲ್ಲದ ನಾನು ಆ ರಾತ್ರಿ ಶೂರನ ಹಾಗೆ ನಿಂತೆ. ಕೈ ಮಾತ್ರ ಹಿಡಿಕೆಯ ಮೇಲೆ ಗಡಗಡ ನಡುಗುತ್ತಿತ್ತು. ನಕ್ಷತ್ರ ಕಾದ ಹೆಂಚಿನ ಮೇಲಿನ ಸಾಸಿವೆಯ ಹಾಗೆ ಹಾರುತ್ತಿತ್ತು.

ಮೂರು ಕೆಮ್ಮು ಆದ ಮೇಲೆ ಕದ ತೆಗೆಯದಿದ್ದರೆ ಅವನು ತಿರುಗಿ ಹೋಗುವನು ಎಂದು ಕಾದೆ. ಹೋದಂತೆ ಅನ್ನಿಸಲಿಲ್ಲ. ಹಿಂದೆ ಏನೋ ಇತ್ತು. ಅದರ ಉಸಿರು ಕೇಳುತ್ತಿತ್ತು, ಉದ್ದನೆಯ, ಅವಸರವಿಲ್ಲದ ಉಸಿರು. ಏಳು ವರ್ಷದ ಅಭ್ಯಾಸ. ಬಂದವರನ್ನು ಹಾಜರ್ ಎಂದು ಬರೆದುಕೊಳ್ಳದೆ ವಿಧಿಯಿಲ್ಲ. ನಾನು ದುರ್ಬೀನಿಗೆ ಕಣ್ಣು ಹಚ್ಚಿಕೊಂಡೇ ಮಾತಾಡಿದೆ.

"ಗುರಪ್ಪ, ಬಂದಿ? ಕೂಡು. ಇನ್ನ ಮುಕ್ಕಾಲು ತಾಸು ಅದ."

ಉಸಿರು ನಿಂತಿತು.

"ನಿನ್ನ ಫೋಟೋ ತಗೀಬೇಕಾಗಿತ್ತು," ಅಂದೆ. "ಒಂದ ಪ್ಲೇಟು ಉಳದಿತ್ತು, ಅದಕ್ಕ ಆಸೆ ಮಾಡಿದೆ. ನೀಲವ್ವಗ ಸುಳ್ಳ ಹೇಳೀನಿ. ತಪ್ಪಾತು."

ಸ್ವಲ್ಪ ಹೊತ್ತಿಗೆ ಬೀಡಿಯ ವಾಸನೆ ಬಂತು. ಇದನ್ನು ನಾನು ಕಲ್ಪಿಸಿಕೊಳ್ಳಲಿಲ್ಲ. ಹಸಿ ಎಲೆ ಸುಟ್ಟಂಥ, ಸ್ವಲ್ಪ ಒಗರು ವಾಸನೆ, ನನ್ನ ಕಿವಿಯ ಪಕ್ಕದಿಂದ ಹಾದು ಹೊಳೆಯ ಕಡೆ ಹೋಯಿತು. ಮತ್ತೆ ಮೂರು ಕೆಮ್ಮು ಕೇಳಿದವು, ಈ ಸಲ ಬಹಳ ಆಚೆಯಿಂದ, ನೀರಿನ ಆ ದಡದಿಂದ. ಅಷ್ಟು ದೂರ ಹೋಗಿ ನಿಂತ ಹಾಗೆ. ಜೀರುಂಡೆಗಳು ಮತ್ತೆ ಕೂಗತೊಡಗಿದವು.

ಇಮಾಮಸಾಬ ಬಂದಾಗ ನಾನು ಮುಚ್ಚಳ ಹಾಕಿ ದುರ್ಬೀನಿನ ಕಾಲನ್ನು ತಬ್ಬಿ ಕೂತಿದ್ದೆ. ಲಾರಿಯಲ್ಲಿ ಕೂತ ಮೇಲೆ ಕೆಮ್ಮಿನ ಸುದ್ದಿ ಹೇಳಿದೆ. ಅವನು ದೊಡ್ಡದಾಗಿ ನಕ್ಕ.

"ಅದು ಮುಸ್ಯಾ ರಾಯರ, ಕರಿಮಾರಿ ಮಂಗ್ಯಾ. ಝಾಡದ ಮ್ಯಾಗ ಕುಂತು ಹಂಗ ಕೆಮ್ಮತೈತಿ, ಮನಶಾನ ಗತೆ."

ನನಗೆ ಹೋದ ಜೀವ ಬಂತು. "ಬರೇ ಮಂಗ್ಯಾ ಏನು?"

"ಹೌದ್ರಿ. ಹುಲಿ ಕಂಡಾಗ ಅಷ್ಟ ಕೆಮ್ಮತೈತಿ."

ಬಂದ ಜೀವ ಮತ್ತೆ ಹೋಯಿತು. ಅಂದರೆ ನಾನು ಗೌರವಪೂರ್ವಕವಾಗಿ ಬರಮಾಡಿಕೊಂಡು ಕೂಡು ಎಂದು ಹೇಳಿದ್ದು ಹುಲಿಗೆ. ತಪ್ಪೊಪ್ಪಿಗೆಯನ್ನು ಕೇಳಿಸಿಕೊಂಡದ್ದೂ ಅದೇ.

"ಮತ್ತ ಬೀಡಿ ವಾಸನಿ?" ಎಂದು ಕೇಳಿದೆ. "ಹುಲಿ ಬೀಡಿ ಸೇದತದೇನು?"

ಇಮಾಮಸಾಬ ನನ್ನ ಕಡೆ ಒಮ್ಮೆ ನೋಡಿದ. ಆಮೇಲೆ ಅಂಬೇವಾಡಿ ಬರುವವರೆಗೆ ಲಾರಿ ಬಹಳ ಜೋರಾಗಿ ಓಡಿಸಿದ.

ಮರುದಿನ ಗಿರಣಿಯಲ್ಲಿ ಹನ್ನೊಂದು ಜನ ಗೈರುಹಾಜರಾದರು. ಹಿಂದಿನ ರಾತ್ರಿ ಮೌಳಂಗಿಯ ಕಡೆಯಿಂದ ಸೈಕಲ್ಲಿನ ಮೇಲೆ ಬರುವಾಗ ಹೊಳೆಯ ಬಯಲಿನಲ್ಲಿ ಒಂದೇ ಕೆಂಪು ಕಣ್ಣಿನ ದೆವ್ವ ಕೂತು ತನ್ನೊಳಗೆ ತಾನೇ ಮಾತಾಡುವುದನ್ನು ಅವರೆಲ್ಲ ಕಂಡಿದ್ದರು. ಕಾರಣ ಎಂಬ ಅಂಕಣದಲ್ಲಿ 'ದೆವ್ವ' ಎಂದು ನಾನೇ ಹನ್ನೊಂದು ಸಲ ಬರೆದೆ. ಬರೆದವನೂ ಆ ದೆವ್ವವೂ ಒಬ್ಬನೇ ಎಂಬುದನ್ನು ಹೇಳಲಿಲ್ಲ.

ಸಂಜೆ ಬಚ್ಚಲಿನಲ್ಲಿ ಪ್ಲೇಟು ತೊಳೆದೆ. ರಸಾಯನದ ತಟ್ಟೆಯಲ್ಲಿ ಅದು ನಿಧಾನವಾಗಿ ಮೂಡಿತು. ನೆಗೆಟಿವ್ ಪ್ಲೇಟು, ಹೀಗಾಗಿ ಬಿಳಿಯದು ಕಪ್ಪು, ಕಪ್ಪಗಿದ್ದದ್ದು ಬಿಳಿ. ನಡುವೆ ದುಂಡಗಿನ ಕಪ್ಪು ಆಕಾರ. ಅದಕ್ಕೆ ಅಡ್ಡಲಾಗಿ ಒಂದು ಬಿಳಿಯ ಪಟ್ಟಿ! ಜೋಳದ ಕಾಳಿನಷ್ಟು ಬರಬೇಕೆಂದು ಲೆಕ್ಕ ಹಾಕಿದ್ದೆ, ಅಡಿಕೆಯಷ್ಟು ಬಂದಿತ್ತು. ಯುದ್ಧಕಾಲದ ಮಸೂರದ ಶಕ್ತಿಯೇ ಶಕ್ತಿ ಎಂದುಕೊಂಡೆ. ಇಷ್ಟೇ ಅಲ್ಲ. ಕಂದೀಲಿಗೆ ಹಿಡಿದು ನೋಡಿದರೆ ಆ ಕಪ್ಪಿನೊಳಗೆ ಕೂದಲೆಳೆಯಂಥ ಸುರುಳಿಗಳು ಒಂದರ ಪಕ್ಕ ಒಂದು ಸುತ್ತಿಕೊಂಡು ಹೋಗಿದ್ದವು. ಪ್ರೊಫೆಸರರ ಪತ್ರದಲ್ಲಿ ಸುರುಳಿಯ ಸುದ್ದಿಯೇ ಇರಲಿಲ್ಲ. ಜಗತ್ತಿನಲ್ಲಿ ಅದನ್ನು ಕಂಡ ಮೊದಲಿಗ ನಾನು.

ಕುಣಿಯುತ್ತ ಕದ ತೆಗೆದೆ. ಹೊರಗೆ ಸುಮಿತ್ರಾ ಇದ್ದಳು. ಆಕೆಯ ಹಿಂದೆ ನೀಲವ್ವ.

"ತೊಳದ್ರೇನ್ರಿ?" ಅಂದಳು ನೀಲವ್ವ.

ಕೆಟ್ಟುಹೋಯಿತು ಎಂಬ ಮಾತನ್ನು ಹದಿನೈದು ದಿನದಿಂದ ಉರು ಹೊಡೆದಿದ್ದೆ. ಆದರೆ ಪ್ಲೇಟು ನನ್ನ ಕೈಯಲ್ಲಿತ್ತು, ಕಂದೀಲು ಸುಮಿತ್ರಾಳ ಕೈಯಲ್ಲಿತ್ತು. ನನ್ನ ಹೆಂಡತಿ ಪ್ಲೇಟನ್ನು ನೋಡಿ ಬಾಯಿಗೆ ಸೆರಗು ಹಿಡಿದಳು.

"ಅಯ್ಯ ದೇವರ, ಕರಿ ಮಾರಿ, ಹಣಿಮ್ಯಾಲೆ ವಿಭೂತಿ. ಗುರಪ್ಪನ ಅದಾನಲ್ರಿ!"

ನೀಲವ್ವ ಹತ್ತಿರ ಬಂದಳು. ಪ್ಲೇಟಿನ ಅಂಚನ್ನು ಎರಡೂ ಕೈಯಿಂದ ಹಿಡಿದು, ಬೆಳಕಿಗೆ ಒಡ್ಡಿ, ಉಸಿರು ಬಿಡದೆ ನೋಡಿದಳು. ಹದಿನೈದು ದಿನ ಅಳದವಳು ಆಗ ಅತ್ತಳು.

"ಹೌದ್ರಿ," ಅಂದಳು. "ಇವರ. ಇವರ ಅದಾರ."

ಇದು ಬ್ರಹ್ಮಾಂಡ, ತಾಯಿ, ಬಿಳಿ-ಕಪ್ಪು ಅದಲು ಬದಲಾಗಿದೆ ಅಷ್ಟೇ ಎಂದು ಹೇಳುವ ಧೈರ್ಯ ನನಗಿರಲಿಲ್ಲ. ಒಂದು ರಾತ್ರಿಯ ಮಟ್ಟಿಗೆ ಪ್ಲೇಟನ್ನು ಕೇಳಿ ಇಟ್ಟುಕೊಂಡು, ಕಾಗದದ ಮೇಲೆ ಅದರ ಎರಡು ಫೋಟೋ ಪ್ರತಿ ತೆಗೆದೆ. ಬೆಳಿಗ್ಗೆ ಪ್ಲೇಟನ್ನು ನೀಲವ್ವನಿಗೆ ಕೊಟ್ಟೆ. ಒಂದು ಪ್ರತಿಯ ಜೊತೆಗೆ ಪ್ರೊಫೆಸರರಿಗೆ ಆರು ಪುಟದ ಪತ್ರ ಬರೆದೆ. ಸದರಿ ಬ್ರಹ್ಮಾಂಡದಲ್ಲಿ ಸುರುಳಿಗಳನ್ನು ಪ್ರಥಮ ಬಾರಿಗೆ ಕಂಡವನು ಕೆಳಗೆ ಸಹಿ ಮಾಡಿದವನೆಂದೂ, ಅದಕ್ಕೆ ಯಾವ ಹೆಸರಿಡಬೇಕೆಂಬ ಬಗ್ಗೆ ತಮ್ಮ ಸಲಹೆ ಬೇಕೆಂದೂ, ನನ್ನ ಹೆಸರನ್ನೇ ಇಡಬೇಕೆಂಬ ಆಗ್ರಹವೇನೂ ಇಲ್ಲವೆಂದೂ ತಿಳಿಸಿದೆ.

ಎರಡು ವಾರಕ್ಕೆ ಉತ್ತರ ಬಂತು. ಒಂದು ಕಾರ್ಡು.

'ಆಶೀರ್ವಾದಗಳು. ನಿನ್ನ ಚಿತ್ರವನ್ನು ಭೂತಗನ್ನಡಿಯಿಂದ ನೋಡಿದೆ. ನೀನು ಕಂಡುಹಿಡಿದ ಸುರುಳಿಗಳು ಮನುಷ್ಯರ ಹೆಬ್ಬೆರಳಿನ ಮೇಲೆ ಬಹಳ ಹಿಂದಿನಿಂದಲೂ ಇವೆ. ಗಂಧಕ ತಗುಲಿದ ಬೆರಳು ಮುಟ್ಟಿದರೆ ಪ್ಲೇಟು ಹೀಗೆ ಕಪ್ಪಾಗುತ್ತದೆ. ನಡುವಿನ ಪಟ್ಟಿ ಹಳೆಯ ಗಾಯದ್ದಿರಬೇಕು. ಎಡಗಡೆ ಮೂಲೆಯಲ್ಲಿ ಹುಳು ಹರಿದಂಥ ಒಂದು ಸಣ್ಣ ಗುರುತಿದೆ, ನಿನ್ನ ಬ್ರಹ್ಮಾಂಡ ಬಹುಶಃ ಅದೇ. ಅಷ್ಟೇಕೆ ನಡುಗಿದೆ? ಮುಂದಿನ ಸಲ ಕೈ ತೊಳೆದುಕೊ.'

ಸುಮಿತ್ರಾ ನನ್ನ ಎರಡೂ ಹೆಬ್ಬೆರಳುಗಳನ್ನು ಬೆಳಕಿಗೆ ಹಿಡಿದು ತಿರುವಿ ನೋಡಿದಳು.

"ನಿಮಗ ಗಾಯ ಎಲ್ಲ್ಯದ? ಇದು ನಿಮ್ಮ ಹೆಬ್ಬಟ್ಟಲ್ಲ," ಅಂದಳು.

ಆಗ ನನಗೆ ಬಚ್ಚಲಿನ ಕತ್ತಲೆ ನೆನಪಾಯಿತು. ಕೊಡ್ರಿ ಇತ್ತ ಎಂಬ ಮಾತು, ಆ ಸಣ್ಣ ಸಪ್ಪಳ. ಚಪ್ಪಲಿ ಮೆಟ್ಟದೆ ಆಫೀಸಿಗೆ ಓಡಿದೆ. ರಜೆಯ ಅರ್ಜಿಗಳ ಕಟ್ಟು ಬಿಚ್ಚಿ ಕೊನೆಯದನ್ನು ತೆಗೆದೆ. ಮೂರು ದಿನ, ಕಾರಣ ಜ್ವರ. ಕೆಳಗೆ ನೀಲಿ ಶಾಯಿಯ ಹೆಬ್ಬೆಟ್ಟು, ಅಡ್ಡಲಾಗಿ ಬಿಳಿಯ ಗೆರೆ. ನನ್ನಲ್ಲಿ ಉಳಿದಿದ್ದ ಫೋಟೋ ಪ್ರತಿಯನ್ನು ಪಕ್ಕದಲ್ಲಿಟ್ಟೆ. ಸುರುಳಿಗೆ ಸುರುಳಿ ಕೂಡಿತು. ಏಳು ವರ್ಷ ಆ ಬೆರಳನ್ನು ನಾನೇ ಹಿಡಿದು ಕಾಗದಕ್ಕೆ ಒತ್ತಿದ್ದೆ. ನಾಚಿಕೆಯೂ ಆಗಿತ್ತು, ಅಳುವೂ ಬಂದಿತ್ತು.

ಸಂಜೆ ನೀಲವ್ವನ ಮನೆಗೆ ಹೋದೆ. ಮುಂಬಾಗಿಲಿನಿಂದಲೇ ಹೋದೆ. ಏನೆಂದು ಕೂಗಬೇಕೋ ತಿಳಿಯದೆ ಹೊರಗೆ ನಿಂತು ಕೆಮ್ಮಿದೆ.

"ಬರ್ರಿ ರಾಯರ," ಅಂದಳು.

ದೇವರ ಜಗಲಿಯ ಮೇಲೆ ವಿಭೂತಿಯ ಗಟ್ಟಿಯ ಪಕ್ಕಕ್ಕೆ ಪ್ಲೇಟನ್ನು ಒರಗಿಸಿಟ್ಟಿದ್ದಳು. ಹಿಂದೆ ಒಂದು ಹಣತೆ. ಅದರ ಬೆಳಕಿನಲ್ಲಿ ಆ ಕಪ್ಪು ಆಕಾರ ಗಾಜಿನೊಳಗೆ ಸಣ್ಣಗೆ ಅಲುಗುತ್ತಿತ್ತು. ಮುಂದೆ ಒಂದು ಕಟ್ಟು ಬೀಡಿ.

"ಇದೇನು ಬೀಡಿ?"

"ಅವರಿಗೆ ಬೇಕಲ್ರಿ. ಅಮಾಸಿ ದಿನಾನೂ ಒಂದು ಹಚ್ಚಿ ಗದ್ದಿಗಿ ಮ್ಯಾಗ ಇಟ್ಟ ಬಂದಿದ್ದೆ."

"ಎಷ್ಟೊತ್ತಿಗೆ?" ಎಂದು ಕೇಳಿದೆ.

"ಹೊತ್ತ ಮುಣಗೂ ಮುಂದ."

ಹೊತ್ತು ಮುಳುಗುವಾಗ ಹಚ್ಚಿದ ಬೀಡಿ ನಡುರಾತ್ರಿಯವರೆಗೆ ಉರಿಯುವುದಿಲ್ಲ. ಆ ಲೆಕ್ಕವನ್ನು ನಾನು ಇವತ್ತಿಗೂ ಮುಂದುವರಿಸಿಲ್ಲ. ಬಂದ ಕೆಲಸಕ್ಕೆ ಕೈ ಹಾಕಿದೆ.

"ನೀಲವ್ವ, ಒಂದು ಮಾತು ಹೇಳಬೇಕು. ಇದು ಗುರಪ್ಪನ ಮಾರಿ ಅಲ್ಲ."

"ಮಾರಿ ಅಂತ ಯಾರಂದ್ರು?" ಆಕೆ ನನ್ನನ್ನು ಶಾಲೆಗೆ ಹೋಗದವನನ್ನು ನೋಡುವ ಹಾಗೆ ನೋಡಿದಳು. "ಹೆಬ್ಬಟ್ಟಲ್ಲೇನ್ರಿ ಅದು? ಲೇಥ್ ಕಡದ ದಿನದಿಂದ ದಿನಾ ರಾತ್ರಿ ಅದಕ್ಕ ಎಣ್ಣಿ ತಿಕ್ಕಾಕಿ ನಾನ. ನನಗ ಗುರ್ತು ಸಿಗೂದಿಲ್ಲೇನು? ಮಾರಿ ಅಂದವರು ನಿಮ್ಮ ಮನ್ಯಾಗಿನ ಬಾಯಾರು."

ಹೌದು. ಮುಖ ಎಂದು ನೀಲವ್ವ ಅಂದಿರಲಿಲ್ಲ. 'ಇವರ' ಎಂದಷ್ಟೇ ಆಕೆ ಅಂದಿದ್ದಳು.

"ಮತ್ತ ನಾ ಫೋಟೋ ತಗದೀನಿ ಅಂದದ್ದು..."

"ಸುಳ್ಳಂತ ಅವತ್ತ ಗೊತ್ತಿತ್ರಿ. ನಿಮ್ಮನ್ಯಾಗಿಂದ ಬಂದು ನಮ್ಮನಿಯವರ ಹೇಳಿ ನಕ್ಕಿದ್ರು. ದೂರ ಹೋಗಿ ನಿಂದರಬೇಕಂತ, ಅಂದಿದ್ರು."

"ಗೊತ್ತಿದ್ದೂ ದಿನಾ ಯಾಕ ಕೇಳಿದಿ?"

"ನೀವಾಗೇ ಹೇಳ್ತೀರೇನೋ ಅಂತ," ಅಂದಳು.

ನಾನು ತಲೆ ತಗ್ಗಿಸಿ ಕೂತೆ. ಕೋಟಿ ಕೋಟಿ ಮೈಲಿನ ಆಚೆಯದನ್ನು ಗುರುತು ಹಿಡಿಯಲು ಹೋಗಿ, ಪಕ್ಕದ ಮನೆಯವನ ಬೆರಳನ್ನು ಗುರುತು ಹಿಡಿಯದೆ ಹೋದವನಿಗೆ ಕೂತುಕೊಳ್ಳಲು ಅಷ್ಟು ಜಾಗ ಸಿಕ್ಕಿದ್ದೇ ಹೆಚ್ಚು. ನೀಲವ್ವ ಹಣತೆಯ ಬತ್ತಿ ಮುಂದೆ ಮಾಡಿದಳು.

"ಈಗ ಅವರು ಭಾಳ ದೂರ ಹೋಗ್ಯಾರ ರಾಯರ," ಅಂದಳು. "ಈಗರೆ ಕಾಣಸ್ತಾರೇನು ನಿಮ್ಮ ದುರ್ಬೀನಿಗೆ?"

ಉತ್ತರಕ್ಕೆ ಆಕೆ ಕಾಯಲಿಲ್ಲ. ಸೆರಗಿನ ತುದಿಯಿಂದ ಗಾಜನ್ನು ಒರೆಸುತ್ತ ಬಂದವಳು ಎಡಗಡೆಯ ಮೂಲೆಯಲ್ಲಿ ಕೈ ನಿಲ್ಲಿಸಿದಳು.

"ಇಲ್ಲೇ ಮೂಲ್ಯಾಗ ಹುಳ ಹರದಂಗ ಏನೋ ಹೊಲಸ ಕುಂತೈತ್ರಿ. ಕೆರದ್ರ ನಡೀತೈತೇನು?"

ಇಂಗ್ಲೆಂಡಿನವರಿಗೆ ಕಾಣದ ನನ್ನ ಬ್ರಹ್ಮಾಂಡ ಅದು. ಕೋಟಿ ಕೋಟಿ ನಕ್ಷತ್ರಗಳು, ಎರಡು ತಾಸು, ಒಂದು ಹುಲಿ.

"ಕೆರಿ ನೀಲವ್ವ," ಅಂದೆ. "ಹೊಲಸ ಅದು."

ಆಕೆ ಉಗುರಿನಿಂದ ಎರಡು ಸಲ ಕೆರೆದಳು. ಹೋಯಿತು.